ಪದ್ಮಿಯ ಎರಡು ಮಗ್ಗುಲು

ಬೆಂಕಿ ಆರಿ ಎರಡು ದಿನವಾಗಿದ್ದರೂ ಹಸುವಿನ ಮೈಯಿಂದ ಹೊಗೆಯ ವಾಸನೆ ಹೋಗಿರಲಿಲ್ಲ. ಹಳೇಬೀಡಿನ ಆ ಮನೆಯ ಹಿತ್ತಲಿಗೆ ಕಾಲಿಟ್ಟವಳು ನಾಲ್ಕು ಹೆಜ್ಜೆ ನಡೆದು ಅಲ್ಲೇ ನಿಂತುಬಿಟ್ಟೆ. ಜೀವಕೋಶ ಬೆಳೆಸುವುದು ನನ್ನ ಕೆಲಸ. ಗಾಜಿನ ತಟ್ಟೆಯಲ್ಲಿ ಕಾಸಗಲದ ಚರ್ಮ ನೋಡಿ ಅಭ್ಯಾಸವಾದ ಕಣ್ಣು ನನ್ನದು. ಬೆನ್ನುಮೂಳೆಯ ಎರಡೂ ಬದಿಗೆ, ಭುಜದಿಂದ ಸೊಂಟದವರೆಗೆ, ಚರ್ಮವೇ ಇಲ್ಲದ ಒಂದು ಜೀವ ನಿಂತುಕೊಂಡು ಉಸಿರಾಡುವುದನ್ನು ಅದುವರೆಗೆ ನೋಡಿರಲಿಲ್ಲ.

ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿತ್ತಂತೆ. ಹುಲ್ಲಿನ ಮೆದೆಗೆ ಹತ್ತಿಕೊಂಡ ಬೆಂಕಿ ಕೊಟ್ಟಿಗೆಯ ಸೋಗೆಗೆ ಹಾರಿ, ಉರಿಯುವ ಸೋಗೆ ಹಸುವಿನ ಬೆನ್ನ ಮೇಲೆ ಕುಸಿದಿತ್ತು. ಕಟ್ಟಿದ್ದ ಹಗ್ಗ ಸುಟ್ಟು ತುಂಡಾದ ಮೇಲೆಯೇ ಅದಕ್ಕೆ ಹೊರಗೆ ಓಡಲು ಆದದ್ದು. ಅದರ ಮಗಳು, ಇನ್ನೂ ಗಬ್ಬ ಕಟ್ಟದ ಒಂದು ಕಡಸು, ಕೆರೆಯ ಕಡೆ ಮೇಯಲು ಹೋಗಿದ್ದರಿಂದ ಉಳಿದುಕೊಂಡಿತ್ತು.

ಹಸುವಿನ ಹೆಸರು ಪದ್ಮಿ. ಒಡತಿ ಐವತ್ತು ದಾಟಿದ ಜೈನ ಹೆಂಗಸು. ಬಸದಿಯ ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ದಿನಸಿ ಅಂಗಡಿ, ಊರಾಚೆ ಸ್ವಲ್ಪ ಜಮೀನು. ಆಕೆ ಹಸುವಿನ ಮೂತಿಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ನನ್ನನ್ನು ಕರೆಸಿದ್ದ ಪಶುವೈದ್ಯರು ಪರಿಚಯ ಮಾಡಿಕೊಟ್ಟರು.

"ಅರಸೀಕೆರೆ ಲ್ಯಾಬಿನಿಂದ ಬಂದಿದಾರೆ ಅಮ್ಮ. ಚರ್ಮ ಬೆಳೆಸ್ತಾರೆ ಅಂದಿದ್ನಲ್ಲ, ಇವರೇ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೆಳೆಸ್ತೀಯೇನವ್ವಾ?"

"ಪ್ರಯತ್ನ ಮಾಡ್ತೀನಿ ಅಮ್ಮ."

ಅದಕ್ಕಿಂತ ಹೆಚ್ಚಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಾವು ಆವರೆಗೆ ಮೇಕೆಗಳ, ಕರುಗಳ ಸಣ್ಣ ಗಾಯಗಳಿಗೆ ಮಾತ್ರ ಚರ್ಮದ ಜೀವಕೋಶ ಬೆಳೆಸಿದ್ದೆವು. ಅಂಗೈಯಗಲದ ಗಾಯವೇ ನಮಗೆ ದೊಡ್ಡದು. ಇಷ್ಟು ಮೈಗೆ ಸಾಕಾಗುವಷ್ಟು ಜೀವಕೋಶ ತಟ್ಟೆಗಳಲ್ಲಿ ಎಂದೂ ಸಿಗುವುದಿಲ್ಲ. ಬಯೋರಿಯಾಕ್ಟರಿನಲ್ಲೇ ಬೆಳೆಸಬೇಕು.

ಪಶುವೈದ್ಯರು ಪದ್ಮಿಯ ಕಿವಿಯ ಹಿಂದೆ, ಬೆಂಕಿ ಮುಟ್ಟದ ಜಾಗವನ್ನು ಮರಗಟ್ಟಿಸಿ ಹುಣಸೆಬೀಜದಷ್ಟು ಚರ್ಮ ಕತ್ತರಿಸಿಕೊಟ್ಟರು. ಅದನ್ನು ಮಂಜುಗಡ್ಡೆಯ ಡಬ್ಬದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಜಾವಗಲ್ ಮಾರ್ಗದ ಬಸ್ಸಿನಲ್ಲಿ ಅರಸೀಕೆರೆಗೆ ಮರಳಿದೆ.

ನಮ್ಮ ಲ್ಯಾಬ್ ಮೊದಲು ಕೊಬ್ಬರಿ ಗೋದಾಮಾಗಿತ್ತು. ಒಳಗೆ ಶುದ್ಧ ಗಾಳಿಯ ಕೋಣೆ ಕಟ್ಟಿ ಬಯೋರಿಯಾಕ್ಟರ್ ಕೂರಿಸಿದ್ದೆವು. ಉಪಕರಣದ ಹೆಸರು ದೊಡ್ಡದು, ನೋಡಲು ಒಂದು ಗಾಜಿನ ಕೊಡ. ಮುಚ್ಚಳದಿಂದ ನಳಿಗೆಗಳು ಇಳಿದಿರುತ್ತವೆ, ಒಳಗೆ ಒಂದು ರೆಕ್ಕೆ ನಿಧಾನವಾಗಿ ತಿರುಗುತ್ತದೆ. ಶಾಖ ಹಸುವಿನ ಮೈಯಷ್ಟೇ ಇರಬೇಕು. ಆಮ್ಲಜನಕ, ಹುಳಿ, ತಿರುಗುವ ವೇಗ, ಎಲ್ಲವೂ ಅಳತೆಯಲ್ಲಿರಬೇಕು. ಚರ್ಮದ ಜೀವಕೋಶಗಳು ನೀರಿನಲ್ಲಿ ತೇಲಿಕೊಂಡು ಬದುಕುವುದಿಲ್ಲ, ಅವಕ್ಕೆ ಕೂರಲು ನೆಲ ಬೇಕು. ಅದಕ್ಕಾಗಿ ರವೆಗಿಂತ ಸಣ್ಣ ಮಣಿಗಳನ್ನು ದ್ರಾವಣದಲ್ಲಿ ಬಿಡುತ್ತೇವೆ. ಜೀವಕೋಶಗಳು ಮಣಿಗಳ ಮೇಲೆ ಕೂತು ಹರಡಿಕೊಳ್ಳುತ್ತವೆ. ರೆಕ್ಕೆ ಜೋರಾಗಿ ತಿರುಗಿದರೆ ಉದುರುತ್ತವೆ, ತೀರಾ ನಿಧಾನವಾದರೆ ಮಣಿಗಳೆಲ್ಲ ತಳಕ್ಕಿಳಿದು ಮುದ್ದೆಯಾಗಿ ನಡುವಿನವು ಉಸಿರುಗಟ್ಟುತ್ತವೆ.

ಪದ್ಮಿಯ ಜೀವಕೋಶಗಳು ನಮಗೆ ಕಷ್ಟ ಕೊಡಲಿಲ್ಲ. ಚರ್ಮದ ಚೂರನ್ನು ಕಿಣ್ವದಲ್ಲಿ ನೆನೆಸಿ ಬಿಡಿಬಿಡಿ ಮಾಡಿದೆ. ಮೊದಲು ಸಣ್ಣ ಸೀಸೆಗಳಲ್ಲಿ, ಆಮೇಲೆ ಬಯೋರಿಯಾಕ್ಟರಿನಲ್ಲಿ ಬಿಟ್ಟೆ. ಗುಲಾಬಿ ಬಣ್ಣದ ದ್ರಾವಣ ದಿನದಿನಕ್ಕೂ ಬೇಗ ಹಳದಿಗೆ ತಿರುಗತೊಡಗಿತು. ಜೀವಕೋಶಗಳು ಚೆನ್ನಾಗಿ ಉಂಡು ಹೆಚ್ಚುತ್ತಿವೆ ಎನ್ನಲು ಅದೇ ಗುರುತು. ಲ್ಯಾಬಿನ ಮುಖ್ಯಸ್ಥರು ಬಂದು ನೋಡಿ ಹೋಗುವಾಗ ಮುಗುಳ್ನಗುತ್ತಿದ್ದರು. ಇನ್ನೊಂದು ವಾರದೊಳಗೆ ಹಸುವಿನ ಮೈಗೆ ಹಾಕಬಹುದು ಎಂದು ಪಶುವೈದ್ಯರಿಗೆ ತಿಳಿಸಿದೆ.

ಆ ವಾರವೇ ಒಡತಿ ನೋಡಲು ಬಂದರು. ಅಂಗಡಿಗೆ ಸಾಮಾನು ತರಲು ಅರಸೀಕೆರೆಗೆ ಬಂದವರು ಕೇಳಿಕೊಂಡು ಹುಡುಕಿಕೊಂಡು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ನಾನು ಕೊಟ್ಟ ಟೋಪಿಯೊಳಕ್ಕೆ ತಲೆಗೂದಲು ತುರುಕಿಕೊಂಡು, ಗಾಜಿನ ಗೋಡೆಯಾಚೆ ತಿರುಗುತ್ತಿದ್ದ ರೆಕ್ಕೆಯನ್ನೇ ನೋಡುತ್ತ ನಿಂತರು. ಒಂದು ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ತೋರಿಸಿದೆ. ಮಣಿಗಳ ಸುತ್ತ ಜೀವಕೋಶಗಳು ಅಂಟಿಕೊಂಡಿದ್ದವು.

"ಇವೆಲ್ಲಾ ನಮ್ಮ ಪದ್ಮಿಯೇನಾ?"

"ಅದರ ಚರ್ಮವೇ ಅಮ್ಮ."

"ಜೀವ ಐತಾ ಇವಕ್ಕೆ?"

"ಇದೆ ಅಮ್ಮ. ದಿನಾ ಹೆಚ್ತಾ ಇವೆ."

ಆಕೆಗೆ ಸಂತೋಷವಾಯಿತು. ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯದೆಯೇ ಕೇಳಿದರು: "ಹಂಗಾದ್ರೆ ಏನ್ ತಿಂತವೆ ಇವು?"

"ಸಕ್ಕರೆ, ಉಪ್ಪು, ವಿಟಮಿನ್ನು ಎಲ್ಲಾ ಕರಗಿಸಿರ್ತೀವಿ. ಜೊತೆಗೆ ಒಂದಿಷ್ಟು ಸೀರಮ್ಮು."

"ಸೀರಮ್ ಅಂದ್ರೆ?"

"ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುತ್ತಲ್ಲ, ಆ ತಿಳಿನೀರು. ಕರುವಿನ ರಕ್ತದ್ದು."

ಆಕೆ ತಲೆಯೆತ್ತಿದರು. "ಕರುಗೆ ಸೂಜಿ ಚುಚ್ಚಿ ತೆಗೀತಾರಾ?"

ಹೌದು ಎಂದರೆ ಮುಗಿಯುತ್ತಿತ್ತು. ಆ ಬಾಟಲಿಯ ಮೇಲೆ ಇಂಗ್ಲಿಷಿನ ಮೂರೇ ಅಕ್ಷರ ಇರುತ್ತವೆ. ಓದುವಾಗ, ಕೆಲಸ ಕಲಿಯುವಾಗ, ಕಲಿಸುವಾಗ ನಾವೆಲ್ಲ ಆ ಮೂರು ಅಕ್ಷರವನ್ನೇ ಹೇಳಿಕೊಂಡು ಬಂದವರು. ಅದನ್ನು ಕನ್ನಡದಲ್ಲಿ, ಹಸು ಸಾಕಿದ ಒಬ್ಬ ಹೆಂಗಸಿನ ಮುಖ ನೋಡಿಕೊಂಡು ಹೇಳುವ ಸಂದರ್ಭ ನನಗೆ ಬಂದಿರಲಿಲ್ಲ.

"ಇಲ್ಲ ಅಮ್ಮ. ಅದು ಹುಟ್ಟದ ಕರು. ಕಸಾಯಿಖಾನೆಗೆ ಬಂದ ಹಸು ಗಬ್ಬ ಆಗಿದ್ರೆ, ಹೊಟ್ಟೆಯಲ್ಲಿರೋ ಕರುವಿನ ಹೃದಯದಿಂದ ರಕ್ತ ತೆಗೀತಾರೆ."

ನನ್ನ ಮಾತು ನನಗೇ ಕೇಳಿಸಿತು. ಆಕೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ನೀರು ತಂದುಕೊಟ್ಟೆ, ಮುಟ್ಟಲಿಲ್ಲ. "ಪದ್ಮಿ ಬದುಕ್ಲಿ ಅಂತ ಇನ್ನೊಂದು ಗಬ್ಬದ ಹಸು ಹೊಟ್ಟೆ ಬಗೆದವ್ರೆ. ಬ್ಯಾಡ ಕಣವ್ವಾ, ಬ್ಯಾಡ," ಎಂದರು. ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಬಸ್ ಸ್ಟ್ಯಾಂಡ್ ಕಡೆ ನಡೆದರು.

ಮರುದಿನ ಮುಖ್ಯಸ್ಥರ ಕೋಣೆಯಲ್ಲಿ ನಾವು ಮೂವರು ಕೂತೆವು. ಪಶುವೈದ್ಯರಿಗೆ ಸಿಟ್ಟು ಬಂದಿತ್ತು. "ಹಸು ನಿಂತ ನಿಂತಲ್ಲೇ ನಡುಗ್ತಾ ಇದೆ ಸರ್. ಇವರು ಯಾಕೆ ಅದನ್ನೆಲ್ಲಾ ಬಿಡಿಸಿ ಹೇಳ್ಬೇಕಿತ್ತು?"

ಮುಖ್ಯಸ್ಥರು ಒಳ್ಳೆಯವರು. ಅವರು ಹೇಳಿದ್ದರಲ್ಲಿ ವಿಜ್ಞಾನದ ತಪ್ಪೇನೂ ಇರಲಿಲ್ಲ. "ನೋಡಮ್ಮಾ, ಮೈಗೆ ಹಾಕೋ ಮುಂಚೆ ಜೀವಕೋಶಗಳನ್ನ ತೊಳೀತೀವಿ. ಆ ಸೀರಮ್ ಉಳಿಯೋದೇ ಇಲ್ಲ ಅನ್ನಬಹುದು. ಬೇರೆ ಥರ ಬೆಳೆಸಿದ್ವಿ ಅಂತ ಹೇಳಿಬಿಡಿ. ಹಸುನೂ ಉಳಿಯುತ್ತೆ, ಅವರಿಗೂ ಸಮಾಧಾನ."

"ಏನು ತಿಂತವೆ ಅಂತ ಅವರು ನಾಳೆ ಮತ್ತೆ ಕೇಳ್ತಾರೆ ಸರ್."

"ಹಾಗಾದ್ರೆ ಏನು ಮಾಡ್ತೀರಿ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಆ ಕಡಸಿನ ರಕ್ತದಲ್ಲಿ ಬೆಳೆಸ್ತೀನಿ. ಅದೂ ಪದ್ಮಿಯ ಮಗಳೇ. ಸೂಜಿಯಲ್ಲಿ ತೆಗೆದರೆ ಅದಕ್ಕೇನೂ ಆಗಲ್ಲ."

ಮುಖ್ಯಸ್ಥರು ಒಪ್ಪಿದರು, ಒಂದು ಷರತ್ತಿನ ಮೇಲೆ: ಬೆಳೆದು ನಿಂತ ಮೊದಲ ತಂಡವನ್ನು ಚೆಲ್ಲಬಾರದು, ಹೆಪ್ಪುಗಟ್ಟಿಸಿ ಇಡಬೇಕು. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುತ್ತಾರಲ್ಲ, ಅಂಥದ್ದೇ ದ್ರವ ಸಾರಜನಕದ ಕ್ಯಾನು ನಮ್ಮಲ್ಲೂ ಇತ್ತು. ಮೊದಲ ತಂಡದ ಜೀವಕೋಶಗಳನ್ನು ಪುಟ್ಟ ಪುಟ್ಟ ನಳಿಕೆಗಳಲ್ಲಿ ತುಂಬಿ ಅದರೊಳಗೆ ಇಳಿಸಿದೆ. ಬಿಳಿ ಹೊಗೆ ಕಾಲಮೇಲೆ ಹರಿಯಿತು.

ಅನಂತರ ಕಪಾಟು ತೆರೆದೆ. ಸೀರಮ್ ಒಂದನ್ನು ತೆಗೆದರೆ ಸಾಕು ಎಂದುಕೊಂಡಿದ್ದೆ. ಒಂದೊಂದೇ ಬಾಟಲಿಯ ಮೂಲ ಹುಡುಕುತ್ತ ಹೋದಂತೆ ಕೂತಲ್ಲೇ ಕೂತುಬಿಟ್ಟೆ. ಚರ್ಮದ ಚೂರನ್ನು ಬಿಡಿಸಿದ ಕಿಣ್ವ ಹಂದಿಯ ಮೇದೋಜೀರಕದ್ದು. ಮಣಿಗಳ ಮೇಲಿನ ಲೇಪ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಜೆಲಟಿನ್. ರಕ್ತ ಹೆಪ್ಪುಗಟ್ಟದಂತೆ ಹಾಕುವ ಔಷಧಿ ಹಂದಿಯ ಕರುಳಿನದು. ಹಾಲಿನಷ್ಟೇ ಬೆಳ್ಳಗೆ, ನೀರಿನಷ್ಟೇ ತಿಳಿಯಾಗಿ ಸಾಲಾಗಿ ನಿಂತಿದ್ದ ಬಾಟಲಿಗಳು. ಅವುಗಳ ನಡುವೆಯೇ ನಾನು ಇಷ್ಟು ವರ್ಷ ಕೆಲಸ ಮಾಡಿದ್ದೆ. ನಾನು ಗಂಡಸಿಯ ಕಡೆಯವಳು. ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿದವಳು. ನನಗೆ ಯಾವ ವ್ರತವೂ ಇಲ್ಲ. ಆದರೂ ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲಾಗಲಿಲ್ಲ.

ಬದಲಿಗಳು ಇರಲಿಲ್ಲ ಎಂದಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವ ಸಿಗುತ್ತದೆ. ಲೇಪವಿಲ್ಲದ ಪ್ಲಾಸ್ಟಿಕ್ ಮಣಿ ಸಿಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಎಂಬ ಉಪ್ಪು ಹಾಕಬಹುದು. ಸೀರಮ್ ಬೇಡದ ಸಿದ್ಧ ದ್ರಾವಣಗಳೂ ಇವೆ, ಆದರೆ ಅವು ಮನುಷ್ಯರ ಜೀವಕೋಶಕ್ಕೆಂದು ಮಾಡಿದವು. ಹಿಂದೊಮ್ಮೆ ನೋಡಿದಾಗ ಹಸುವಿನವು ಅದರಲ್ಲಿ ಒಗ್ಗಿರಲಿಲ್ಲ. ಎಲ್ಲವನ್ನೂ ತರಿಸಿಕೊಂಡು ಹಳೇಬೀಡಿಗೆ ಹೋದೆ. ಒಂದೊಂದನ್ನೂ ಯಾವುದರಿಂದ ಬಂದದ್ದು ಎಂದು ಒಡತಿಗೆ ಹೇಳಿದೆ.

"ಕಡಸಿಗೆ ನೋವಾಗ್ತದಾ?" ಎಂದರು.

"ಸೂಜಿ ಚುಚ್ಚಿದಷ್ಟು ಆಗುತ್ತೆ."

ಆಕೆಯೇ ಅದರ ಕೊರಳು ತಬ್ಬಿ ಹಿಡಿದುಕೊಂಡರು. ಪಶುವೈದ್ಯರು ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದರು. ಪದ್ಮಿಯ ಕಿವಿಯ ಹಿಂದಿನಿಂದ ಇನ್ನೊಂದು ಚೂರು ಚರ್ಮ ತೆಗೆದುಕೊಂಡೆವು.

ಎರಡನೆಯ ತಂಡ ಮೊದಲಿನ ಹಾಗೆ ಸುಲಭವಾಗಿರಲಿಲ್ಲ. ಜೀವಕೋಶಗಳು ಬರಿಯ ಪ್ಲಾಸ್ಟಿಕ್ ಮಣಿಗಳ ಮೇಲೆ ಕೂರಲೊಲ್ಲವು. ದುಂಡಗೆ ಉರುಟಿಕೊಂಡು ತೇಲಾಡಿದವು. ಸಿಟ್ರೇಟ್ ಹಾಕಿ ತಂದ ರಕ್ತದಿಂದ ಕೆಂಪುಕಣ ಬೇರ್ಪಡಿಸಿ, ಉಳಿದ ಪ್ಲಾಸ್ಮಾವನ್ನು ನೇರವಾಗಿ ಬಯೋರಿಯಾಕ್ಟರಿಗೆ ಸೇರಿಸಿದೆ. ಅಂಟಿಕೊಳ್ಳಲು ಬೇಕಾದ ಪ್ರೋಟೀನು ಅದರಲ್ಲಿ ಧಾರಾಳವಾಗಿರುತ್ತದೆ ಎಂಬುದು ನನ್ನ ಲೆಕ್ಕ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದಾಗ ರೆಕ್ಕೆ ನಿಂತಿತ್ತು. ಗಾಜಿನ ಕೊಡದ ತುಂಬ ಗುಲಾಬಿ ಜೆಲ್ಲಿ. ರೆಕ್ಕೆ, ನಳಿಗೆ, ಮಣಿ, ಜೀವಕೋಶ ಎಲ್ಲವೂ ಅದರೊಳಗೆ ಸಿಕ್ಕಿಕೊಂಡಿದ್ದವು. ದ್ರಾವಣದಲ್ಲಿದ್ದ ಕ್ಯಾಲ್ಸಿಯಂ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿತ್ತು. ಗಾಯವಾದಾಗ ರಕ್ತ ಮಾಡುವ ಕೆಲಸವನ್ನೇ ಅದು ನನ್ನ ಕೊಡದಲ್ಲಿ ಮಾಡಿತ್ತು. ಕೈಗವಸಿನ ಬೆರಳಲ್ಲಿ ಒತ್ತಿ ನೋಡಿದೆ, ಹಲಸಿನ ತೊಳೆಯಂತೆ ಬಿಗಿಯಾಗಿತ್ತು. ಎಲ್ಲವನ್ನೂ ಕೆರೆದು ತೆಗೆದು ಬಿಸಾಕಬೇಕಾಯಿತು. ಸೀಸೆಯೊಂದರಲ್ಲಿ ಎತ್ತಿಟ್ಟಿದ್ದ ಸ್ವಲ್ಪ ಜೀವಕೋಶಗಳಷ್ಟೇ ಉಳಿದವು.

ಮತ್ತೆ ಕಡಸಿನ ರಕ್ತ ತಂದೆ. ಈ ಸಲ ಏನನ್ನೂ ಸೇರಿಸದೆ ಬಾಟಲಿಯಲ್ಲೇ ಹೆಪ್ಪುಗಟ್ಟಲು ಬಿಟ್ಟೆ. ಮೇಲೆ ನಿಂತ ತಿಳಿಯನ್ನು ಮಾತ್ರ ಸೋಸಿ, ಮಿತವಾಗಿ ಬಿಸಿ ಮಾಡಿ ಬಳಸಿದೆ. ಮಣಿಗಳನ್ನು ಮೊದಲೇ ಆ ತಿಳಿಯಲ್ಲಿ ನೆನೆಹಾಕಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಂದೊಂದು ಮಣಿಯ ಮೇಲೆ ಎರಡು ಮೂರು ಜೀವಕೋಶ ಚಪ್ಪಟೆಯಾಗಿ ಕೂತಿದ್ದವು. ಕೂತವು, ಆದರೆ ಹೆಚ್ಚುವ ಅವಸರ ಅವಕ್ಕೆ ಇರಲಿಲ್ಲ. ಹುಟ್ಟದ ಕರುವಿನ ರಕ್ತದಲ್ಲಿ ಬೆಳವಣಿಗೆಯ ಶಕ್ತಿ ಅಪಾರ. ಬೆಳೆದ ಕಡಸಿನದರಲ್ಲಿ ಅಷ್ಟಿಲ್ಲ. ದ್ರಾವಣ ದಿನಗಟ್ಟಲೆ ಗುಲಾಬಿಯಾಗಿಯೇ ಉಳಿಯಿತು.

ಅಷ್ಟರಲ್ಲಿ ಪಶುವೈದ್ಯರ ಫೋನ್ ಬಂತು. ಎಡಮಗ್ಗುಲಿಗೆ ಕೀವಾಗಿ ಪದ್ಮಿಗೆ ಜ್ವರ ಬಂದಿತ್ತು. ಹೇಗೋ ಔಷಧಿ ಕೊಟ್ಟು, ದಿನಾ ತೊಳೆದು ಕೀವು ಇಳಿಸಿದ್ದರು. "ಈಗ ಗಾಯ ಶುಚಿಯಾಗಿದೆ ಮೇಡಂ. ಈಗಲೇ ಮುಚ್ಚಬೇಕು. ಇನ್ನೊಂದ್ಸಲ ಕೀವಾದ್ರೆ ಹಸು ತಡೆಯಲ್ಲ. ನಿಮ್ಮ ಕ್ಯಾನಿನಲ್ಲಿರೋದನ್ನ ತನ್ನಿ. ಯಾರಿಗೂ ಗೊತ್ತಾಗಲ್ಲ, ನಾನೂ ಹೇಳಲ್ಲ."

ಕ್ಯಾನನ್ನು ಮುಟ್ಟಲಿಲ್ಲ. ಬರಿಗೈಯಲ್ಲಿ ಹಳೇಬೀಡಿಗೆ ಹೊರಟೆ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಜೋಡಿಸಿಕೊಳ್ಳುತ್ತಿದ್ದೆ. ನಿಮ್ಮದು ಇನ್ನೂ ತಯಾರಾಗಿಲ್ಲ, ಮೊದಲಿನದು ತಯಾರಿದೆ, ನಿರ್ಧಾರ ನಿಮ್ಮದು. ಹೀಗೆ ಹೇಳಿದರೆ ನನ್ನ ಭಾರವನ್ನು ಆಕೆಯ ತಲೆಗೆ ಹೊರಿಸಿದಂತೆ. ಹೇಳದಿದ್ದರೆ ಹಸು ಹೋಗುತ್ತದೆ.

ಹಿತ್ತಲಲ್ಲಿ ಹೊಸದಾಗಿ ತಗಡು ಹೊದೆಸಿದ ನೆರಳಿನಲ್ಲಿ ಪದ್ಮಿ ಮಲಗಿತ್ತು. ಎದ್ದು ನಿಲ್ಲುವುದನ್ನು ಬಿಟ್ಟಿತ್ತು. ಆಕೆ ಪಕ್ಕದಲ್ಲಿ ಕೂತು ನೊಣ ಹೊಡೆಯುತ್ತಿದ್ದರು. ನಾನೂ ಕೂತೆ. ಬಾಯಿ ತೆರೆಯುವ ಮೊದಲೇ ಆಕೆ ಕೇಳಿದರು:

"ಆ ಮೊದಲ್ನೇದು ಇನ್ನೂ ಐತಾ?"

ನನ್ನ ಜೋಡಣೆಯೆಲ್ಲ ಕಳಚಿಬಿತ್ತು. "ಇದೆ ಅಮ್ಮ. ಹೆಪ್ಪುಗಟ್ಟಿಸಿ ಇಟ್ಟಿದೀವಿ."

"ಚೆಲ್ಲಿಬಿಟ್ರಿ ಅಂತಾನೇ ಅಂದ್ಕಂಡಿದ್ದೆ."

"ಚೆಲ್ಲಿಲ್ಲ."

ಆಕೆ ಹಸುವಿನ ಕಿವಿಯ ಹಿಂದೆ, ನಾವು ಕತ್ತರಿಸಿದ್ದ ಕಡೆ, ಹೆಬ್ಬೆರಳಿನಿಂದ ಸವರಿದರು. "ಡಾಕ್ಟ್ರು ನಂಗೂ ಹೇಳವ್ರೆ, ಹೊತ್ತಿಲ್ಲ ಅಂತ. ಇವಳು ರಾತ್ರಿಯೆಲ್ಲಾ ನನ್ನೇ ನೋಡ್ತಾಳೆ. ನಾನು ಕಣ್ಣು ಮುಚ್ಕಂಡ್ರೂ ನೋಡ್ತಾಳೆ." ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ತಗಂಬಾ," ಎಂದರು.

ಕೇಳಿಸಿದ್ದು ಸರಿಯೇ ಎಂದು ನನಗೆ ನಂಬಿಕೆಯಾಗಲಿಲ್ಲ. "ಅಮ್ಮ, ನೀವು ಬೇಡ ಅಂದಿದ್ರಿ..."

"ಅಂದಿದ್ದೆ. ಈಗ ತಗಂಬಾ ಅಂತಿದೀನಿ. ಆ ಕರುವಿನ ಪಾಪ ನಂದು. ನಿಂದಲ್ಲ, ಡಾಕ್ಟ್ರುದೂ ಅಲ್ಲ. ಎಡಗಡೆಗೆ ಎಷ್ಟು ಬೇಕೋ ಅಷ್ಟೇ ತಗಂಬಾ. ಬಲಗಡೆ ಕಾಯ್ತದೆ."

ಮರುದಿನ ಹೆಪ್ಪು ಕರಗಿಸಿದ ಜೀವಕೋಶಗಳನ್ನು ಸತ್ತವೆಷ್ಟು, ಉಳಿದವೆಷ್ಟು ಎಂದು ನೋಡಿ, ಹಲವು ಬಾರಿ ತೊಳೆದು, ಡಬ್ಬದಲ್ಲಿಟ್ಟು ತಂದೆ. ಹಸುವಿನ ಮೈಮೇಲೆ ಅವು ಹರಿದು ಹೋಗದಂತೆ ಹಿಡಿದಿಡುವುದಕ್ಕೆ ಅಂಟು ಬೇಕು. ನನ್ನ ಬಯೋರಿಯಾಕ್ಟರನ್ನು ಹಾಳುಮಾಡಿದ್ದ ಅದೇ ಜೆಲ್ಲಿ ಇಲ್ಲಿ ಬೇಕಾಗಿತ್ತು. ಮೊದಲ ಸಲ ತೆಗೆದದ್ದರಲ್ಲಿ ಉಳಿಸಿಟ್ಟಿದ್ದ ಕಡಸಿನ ಪ್ಲಾಸ್ಮಾದಲ್ಲಿ ಜೀವಕೋಶಗಳನ್ನು ಕಲಸಿ, ಕ್ಯಾಲ್ಸಿಯಂ ಬೆರೆಸಿ, ಪಶುವೈದ್ಯರು ಗಾಯದ ಮೇಲೆ ತೆಳ್ಳಗೆ ಸುರಿದು ಹರಡಿದರು. ಅದು ನಮ್ಮ ಕಣ್ಣೆದುರಿಗೇ ಗಟ್ಟಿಯಾಗಿ ಮೈಗೆ ಕೂತಿತು. ಮೇಲೆ ಪಟ್ಟಿ ಸುತ್ತಿದರು. ಒಡತಿ ಹಗ್ಗ ಹಿಡಿದು ನಿಂತಿದ್ದರು. ಕೆಲಸ ಮುಗಿದ ಮೇಲೆ ಕಾಫಿ ತಂದುಕೊಟ್ಟರು. ನೀವೂ ಕುಡಿಯಿರಿ ಎಂದಾಗ ಬೇಡವೆಂದು ತಲೆಯಾಡಿಸಿದರು. ಆ ದಿನ ಅವರು ಹನಿ ನೀರೂ ಮುಟ್ಟದೆ ಉಪವಾಸವಿದ್ದಾರೆಂದು ಪಶುವೈದ್ಯರು ಬೈಕ್ ಹತ್ತುವಾಗ ಹೇಳಿದರು.

ಲ್ಯಾಬಿಗೆ ಮರಳಿ ಎರಡನೆಯ ತಂಡದ ಮುಂದೆ ಕೂತೆ. ರೆಕ್ಕೆಯ ವೇಗ ಇನ್ನಷ್ಟು ತಗ್ಗಿಸಿದೆ, ಆಗಾಗ ನಿಲ್ಲಿಸಿ ಮಣಿಗಳು ಒಂದಕ್ಕೊಂದು ತಾಗಲು ಬಿಟ್ಟೆ. ಜೀವಕೋಶಗಳು ಒಂದು ಮಣಿಯಿಂದ ಪಕ್ಕದ ಮಣಿಗೆ ದಾಟಿಕೊಳ್ಳತೊಡಗಿದವು. ಒಂದು ಬೆಳಿಗ್ಗೆ ದ್ರಾವಣ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮುಖ್ಯಸ್ಥರನ್ನು ಕೂಗಿ ಕರೆದೆ. ಅವರು ಗಾಜಿಗೆ ಮೂಗು ತಾಗಿಸಿ ನೋಡಿ, "ಇದನ್ನ ಇನ್ಮೇಲೆ ಬಿಡೋದು ಬೇಡ," ಎಂದರು. ಈಗ ನಮ್ಮಲ್ಲಿಗೆ ಬರುವ ಹಸುಗಳಿಗೆ ಆದಷ್ಟೂ ಆಯಾ ಹಟ್ಟಿಯ ಹಸುವಿನ ರಕ್ತದಲ್ಲೇ ಬೆಳೆಸುತ್ತೇವೆ. ನಿಧಾನವಾಗುತ್ತದೆ, ಕೆಲವು ಸಲ ಸೋಲುತ್ತೇವೆ. ಮೊದಲಿನ ಮೂರಕ್ಷರದ ಬಾಟಲಿಯನ್ನು ಪೂರ್ತಿ ಬಿಟ್ಟಿದ್ದೇವೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಬಲಮಗ್ಗುಲಿಗೆ ಎರಡನೆಯ ತಂಡವನ್ನು ಹಾಕಿದೆವು. ಅಷ್ಟು ಹೊತ್ತಿಗೆ ಪದ್ಮಿ ಎದ್ದು ನಿಂತು ಮೇವಿಗೆ ಬಾಯಿ ಹಾಕುತ್ತಿತ್ತು.

ಎರಡೂ ಕಡೆಯ ಪಟ್ಟಿ ಪೂರ್ತಿ ತೆಗೆದ ದಿನ ನಾನು ಹೋಗಿದ್ದೆ. ಕೂದಲಿಲ್ಲದ, ನಸುಗುಲಾಬಿಯ, ಅಲ್ಲಲ್ಲಿ ಸುಕ್ಕುಗಟ್ಟಿದ ಚರ್ಮ ಎರಡೂ ಕಡೆ ಹಿಡಿದಿತ್ತು. ಪಶುವೈದ್ಯರು ಆ ಬದಿಗೂ ಈ ಬದಿಗೂ ಓಡಾಡಿ ನೋಡಿ, "ಗೊತ್ತಿಲ್ದೋರು ಯಾವುದು ಯಾವುದು ಅಂತ ಹೇಳಕ್ಕಾಗಲ್ಲ," ಎಂದರು. ನನಗೂ ವ್ಯತ್ಯಾಸ ಕಾಣಲಿಲ್ಲ.

ಒಡತಿ ಬಂದು ಪದ್ಮಿಯ ಎಡಗಡೆ ನಿಂತರು. ನನ್ನ ಮುಖ ನೋಡಿದರು. "ಆ ಕರೂದು ಇದೇ ತಾನೆ?"

"ಇದೇ ಅಮ್ಮ."

ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಗೈಯನ್ನು ಆ ಹೊಸ ಚರ್ಮದ ಮೇಲಿಟ್ಟರು. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

"ಬೆಚ್ಚಗೈತೆ," ಎಂದರು.

ರಕ್ತ ಹರಿಯುತ್ತಿದೆ, ಅದಕ್ಕೇ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಆಕೆ ಮತ್ತೆ ಕೈಯಿಟ್ಟರು, ಈ ಸಲ ತೆಗೆಯಲಿಲ್ಲ. ಹೆತ್ತ ಮಗುವಿನ ನೆತ್ತಿಯ ಮೇಲೆ ಇಡುವಂತೆ, ಭಾರ ಬಿಡದೆ ಇಟ್ಟುಕೊಂಡು ನಿಂತರು. ಪದ್ಮಿ ಬಾಲ ಬೀಸಿ ಮೇವು ತಿನ್ನುತ್ತಲೇ ಇತ್ತು. ಪಶುವೈದ್ಯರು ಸಾಮಾನು ಕಟ್ಟಿಕೊಂಡರು, ನಾನು ಖಾಲಿ ಡಬ್ಬ ಎತ್ತಿಕೊಂಡೆ. ನಾವು ಹೊರಡುವವರೆಗೂ ಆಕೆ ಅಲ್ಲಿಂದ ಕದಲಲಿಲ್ಲ. ಅವರು ಕೇಳಿಕೊಂಡಂತೆಯೇ ಬೆಳೆಸಿದ್ದ ಬಲಮಗ್ಗುಲನ್ನು ಆ ದಿನ ಮುಟ್ಟಿಯೂ ನೋಡಲಿಲ್ಲ.